ಭುಜದ ನೋವನ್ನು ಕನ್ನಡದಲ್ಲಿ ಕೇಳುವ ಬಗೆ

ಕನ್ನಡದಲ್ಲಿ 'ಕೈ' ಎಂಬುದು ಬಹು ಉದಾರವಾದ ಮಾತು. ಹೆಗಲಿನ ಕೀಲಿನಿಂದ ಹಿಡಿದು ಬೆರಳಿನ ಉಗುರಿನವರೆಗೆ ಇರುವುದೆಲ್ಲವೂ ನಮಗೆ ಕೈಯೇ. ರಟ್ಟೆ ಮುರಿದವನೂ 'ಕೈ ಮುರಿಯಿತು' ಎನ್ನುತ್ತಾನೆ. ಮಣಿಕಟ್ಟು ಉಳುಕಿದವನೂ 'ಕೈ ಉಳುಕಿತು' ಎನ್ನುತ್ತಾನೆ. ಆಂಗ್ಲರು ಇದೇ ಅವಯವವನ್ನು ಹೋಳು ಮಾಡಿ, ಅಂಗೈ ಬೆರಳುಗಳಿರುವ ಭಾಗಕ್ಕೆ ಒಂದು ಹೆಸರನ್ನೂ ಅದರ ಮೇಲಿನ ತೋಳಿಗೆ ಇನ್ನೊಂದನ್ನೂ ಭುಜಕ್ಕೆ ಮತ್ತೊಂದನ್ನೂ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿಯೂ ತೋಳು, ರಟ್ಟೆ, ಮುಂಗೈ, ಅಂಗೈ ಎಂಬ ಮಾತುಗಳುಂಟು. ಆದರೆ ನೋವು ಬಂದಾಗ ಬಾಯಿಗೆ ಬರುವುದು 'ಕೈ ನೋವು' ಎಂಬುದೊಂದೇ. ಇಂಥ ಸಣ್ಣ ಭಾಷಾಭೇದದಿಂದ ವೈದ್ಯನ ಲೆಕ್ಕ ತಪ್ಪಬಹುದೆ? ತಪ್ಪುತ್ತದೆ ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ಕಲಾ ಕಾಲೇಜಿನ ಸಂಚಿಕೆಯಲ್ಲಿ ಮೂಳೆ ಕೀಲುಗಳ ಮಾತೇಕೆಂದು ವಾಚಕರು ಹುಬ್ಬು ಗಂಟಿಕ್ಕಬಾರದು. ಇಲ್ಲಿರುವುದು ಮೂಳೆಗಿಂತ ಹೆಚ್ಚಾಗಿ ಮಾತಿನ ವಿಚಾರ.

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನವರಿದ್ದಾರೆ. ವಯಸ್ಸು ಐವತ್ತೈದು ದಾಟಿದೆ. ಸಕ್ಕರೆ ಕಾಯಿಲೆಯೂ ಇದೆ. ಕೆಲವು ವರ್ಷಗಳ ಹಿಂದೆ ಅವರ ಬಲಭುಜ ಹಿಡಿದುಕೊಂಡಿತು. ಮೊದಲು ರಾತ್ರಿ ಮಗ್ಗುಲಾದರೆ ನೋವು. ಆಮೇಲೆ ಕೈಯನ್ನು ತಲೆಯ ಮೇಲಕ್ಕೆ ಎತ್ತುವುದೇ ಆಗದಾಯಿತು. ಕೀಲಿನ ಸುತ್ತಲಿನ ಚೀಲ ಬಿಗಿದುಕೊಂಡು ಭುಜ ಹೆಪ್ಪುಗಟ್ಟಿದಂತಾಗುವ ಈ ರೋಗ ನಾಲ್ವತ್ತರಿಂದ ಅರುವತ್ತರ ನಡುವಿನ ವಯಸ್ಸಿನವರಲ್ಲಿ, ಅದರಲ್ಲಿಯೂ ಮಧುಮೇಹಿಗಳಲ್ಲಿ, ಹೆಚ್ಚಾಗಿ ಕಾಣುವಂಥದು. ಅವರನ್ನು ಒಂದು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ತರುಣರೊಬ್ಬರು ಆಂಗ್ಲ ಭಾಷೆಯ ಅಚ್ಚಿನ ಹಾಳೆಯೊಂದನ್ನು ಹಿಡಿದು, ನಿಂತಲ್ಲಿಯೇ ಮನಸ್ಸಿನಲ್ಲಿ ಕನ್ನಡಿಸಿಕೊಳ್ಳುತ್ತ, ಪ್ರಶ್ನೆಗಳನ್ನು ಕೇಳತೊಡಗಿದರು. ಸ್ವೆಟರ್ ಹಾಕಿಕೊಳ್ಳುವಾಗ ಕಷ್ಟವೇ? "ನಾನು ಹಾಕ್ಕೊಳ್ಳೋದೇ ಇಲ್ಲಪ್ಪ, ಏನೂ ಕಷ್ಟ ಇಲ್ಲ." ಟೆನಿಸ್ ಆಡುವಾಗ? ಚಿಕ್ಕಮ್ಮ ನನ್ನ ಮುಖ ನೋಡಿ ನಕ್ಕರು. ಅದಕ್ಕೂ 'ಕಷ್ಟವಿಲ್ಲ' ಎಂದೇ ಗುರುತು ಬಿತ್ತು. ಅಡುಗೆ ಮಾಡುವಾಗ? "ಪರವಾಗಿಲ್ಲ, ಮಾಡ್ಕೋತೀನಿ." ಆ ದಿನ ಬೆಳಿಗ್ಗೆ ಅವರ ತಲೆ ಬಾಚಿ ಗಂಟು ಹಾಕಿದವಳು ಸೊಸೆ, ಮುದ್ದೆ ತಿರುವಿದವಳೂ ಅವಳೇ. ಹಾಳೆಯ ಕೊನೆಗೆ ಬಂದ ಅಂಕವನ್ನು ನಂಬುವುದಾದರೆ ಚಿಕ್ಕಮ್ಮನಿಗೆ ಇದ್ದದ್ದು ಬರೀ ಅಲ್ಪ ತೊಂದರೆ. ಆ ತರುಣರನ್ನು ನಾನು ದೂರುವುದಿಲ್ಲ. ಅವರು ಕೈಯಲ್ಲಿದ್ದುದನ್ನು ಪ್ರಾಮಾಣಿಕವಾಗಿ ಓದಿದರು.

ಇಂಥ ಹಾಳೆಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪದರಲ್ಲಿ ಹೇಳಬೇಕು. ಅಮೆರಿಕದ ಬಾಸ್ಟನ್ ನಗರದಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯರಿದ್ದರು. ೧೯೩೪ರಲ್ಲಿ ಭುಜವನ್ನು ಕುರಿತೇ ಒಂದು ದೊಡ್ಡ ಗ್ರಂಥ ಬರೆದವರು. 'ಹೆಪ್ಪುಗಟ್ಟಿದ ಭುಜ' ಎಂಬ ಹೆಸರೂ ಅವರದೇ. ಚಿಕಿತ್ಸೆ ಮುಗಿಯಿತೆಂದು ರೋಗಿಯನ್ನು ಮರೆಯಬಾರದು, ಕಡೆಗೆ ಅವನಿಗೆ ಏನು ಫಲ ಸಿಕ್ಕಿತೆಂದು ಹಿಂಬಾಲಿಸಿ ನೋಡಬೇಕು ಎಂದು ಅವರು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಹಟ ಹಿಡಿದು, ಸಹೋದ್ಯೋಗಿಗಳ ವಿರೋಧವನ್ನು ಕಟ್ಟಿಕೊಂಡರು. ಫಲವನ್ನು ಅಳೆಯುವುದು ಹೇಗೆ? ಕೈ ಎಷ್ಟು ಡಿಗ್ರಿ ಮೇಲೇಳುತ್ತದೆಂದು ಕೋನಮಾಪಕ ಹಿಡಿದು ನೋಡಬಹುದು. ಆದರೆ ರೋಗಿಗೆ ಬೇಕಾದದ್ದು ಡಿಗ್ರಿಯಲ್ಲ, ಬಾಳು. ಆದುದರಿಂದ ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು ಹುಟ್ಟಿದವು. ೧೯೯೧ರಲ್ಲಿ ಭುಜಕ್ಕೆಂದೇ ಹದಿಮೂರು ಪ್ರಶ್ನೆಗಳ 'ಸ್ಪಾಡಿ' ಬಂದಿತು. ೧೯೯೬ರಲ್ಲಿ ಕೆನಡಾದ ಟೊರಾಂಟೊ ನಗರದ ಒಂದು ಸಂಶೋಧನ ಸಂಸ್ಥೆಯೂ ಅಮೆರಿಕದ ಮೂಳೆ ವೈದ್ಯರ ಅಕಾಡೆಮಿಯೂ ಸೇರಿ, ತೋಳು, ಭುಜ, ಕೈ ಮೂರಕ್ಕೂ ಸಲ್ಲುವ ಮೂವತ್ತು ಪ್ರಶ್ನೆಗಳ 'ಡ್ಯಾಶ್' ಅನ್ನು ಹೊರತಂದವು. ೨೦೦೫ರಲ್ಲಿ ಅದರ ಹನ್ನೊಂದು ಪ್ರಶ್ನೆಗಳ ಸಂಕ್ಷೇಪವಾದ 'ಕ್ವಿಕ್ ಡ್ಯಾಶ್' ಪ್ರಕಟವಾಯಿತು. ಡ್ಯಾಶ್ ಈಗ ಐವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ.

ಡ್ಯಾಶ್‌ನ ಲೆಕ್ಕ ಸರಳ. ಪ್ರತಿ ಪ್ರಶ್ನೆಗೆ ಒಂದರಿಂದ ಐದರವರೆಗೆ ಉತ್ತರ: ಕಷ್ಟವೇ ಇಲ್ಲ ಎಂದರೆ ೧, ಮಾಡಲಾಗುವುದೇ ಇಲ್ಲ ಎಂದರೆ ೫. ಉತ್ತರಗಳ ಸರಾಸರಿಯಿಂದ ಒಂದನ್ನು ಕಳೆದು ಇಪ್ಪತ್ತೈದರಿಂದ ಗುಣಿಸಿದರೆ ಸೊನ್ನೆಯಿಂದ ನೂರರವರೆಗಿನ ಅಂಕ ಬರುತ್ತದೆ. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಮೂವತ್ತರಲ್ಲಿ ಇಪ್ಪತ್ತೇಳಕ್ಕಾದರೂ ಉತ್ತರವಿರಬೇಕು, ಇಲ್ಲದಿದ್ದರೆ ಲೆಕ್ಕ ಹಾಕಬಾರದು. ಚಿಕಿತ್ಸೆಯಾದ ಮೇಲೆ ಅಂಕ ಸುಮಾರು ಹತ್ತರಿಂದ ಹದಿನೈದರಷ್ಟು ಇಳಿದರೆ ರೋಗಿಗೆ ನಿಜವಾಗಿಯೂ ಗುಣ ಕಂಡಿದೆಯೆಂದು ಬಲ್ಲವರು ಹೇಳುತ್ತಾರೆ. ಈ ಕೊನೆಯ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಈಗ ಚಿಕ್ಕಮ್ಮನಂಥ ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಆಕೆಗೆ ಬಲು ಕಷ್ಟವಿದೆ; ಎಲ್ಲ ಪ್ರಶ್ನೆಗಳೂ ಅವಳ ಬಾಳಿಗೆ ಹೊಂದಿದ್ದರೆ ಪ್ರತಿಯೊಂದಕ್ಕೂ ನಾಲ್ಕು ಎಂದೇ ಗುರುತಾಗುತ್ತಿತ್ತು. ಆಗ ಅಂಕ ೭೫. ಆದರೆ ಮೂವತ್ತರಲ್ಲಿ ಆರು ಪ್ರಶ್ನೆಗಳು ಅವಳು ಎಂದೂ ಮಾಡದ ಕೆಲಸಗಳನ್ನು ಕುರಿತವು. ಮಾಡದ ಕೆಲಸಕ್ಕೆ ಕಷ್ಟವೆಲ್ಲಿಯದು? ಆ ಆರಕ್ಕೂ ಅವಳು 'ಇಲ್ಲ' ಎನ್ನುತ್ತಾಳೆ. ಇಪ್ಪತ್ತನಾಲ್ಕು ನಾಲ್ಕುಗಳು ತೊಂಬತ್ತಾರು, ಆರು ಒಂದುಗಳು ಸೇರಿ ನೂರಎರಡು. ಮೂವತ್ತರಿಂದ ಭಾಗಿಸಿದರೆ ೩.೪, ಒಂದು ಕಳೆದು ಇಪ್ಪತ್ತೈದರಿಂದ ಗುಣಿಸಿದರೆ ೬೦. ಯಾವ ಔಷಧವೂ ಇಲ್ಲದೆ, ಯಾವ ವ್ಯಾಯಾಮವೂ ಇಲ್ಲದೆ, ಬರಿಯ ಭಾಷಾಂತರದ ದೋಷದಿಂದ ಹದಿನೈದು ಅಂಕಗಳಷ್ಟು ರೋಗ ವಾಸಿಯಾಯಿತು! ಆ ಆರನ್ನು ಖಾಲಿ ಬಿಟ್ಟರೋ, ಉತ್ತರಗಳು ಇಪ್ಪತ್ತನಾಲ್ಕೇ ಆಗಿ ಹಾಳೆಯೇ ಅಸಿಂಧುವಾಗುತ್ತದೆ. ಕಳೆದ ವಾರ ಆ ಕೆಲಸ ಮಾಡದಿದ್ದರೆ ಮಾಡಿದ್ದಲ್ಲಿ ಹೇಗಾಗುತ್ತಿತ್ತೆಂದು ಅಂದಾಜಿನಿಂದ ಹೇಳಿ ಎಂಬ ಸೂಚನೆ ಮೂಲದಲ್ಲಿದೆ, ನಿಜ. ಆದರೆ ಹುಟ್ಟಿದಂದಿನಿಂದ ಟೆನಿಸ್ ಬ್ಯಾಟು ಕಾಣದವರು ಏನನ್ನು ಅಂದಾಜು ಮಾಡಿಯಾರು?

ಭಾಷಾಂತರಕ್ಕೆ ಒಂದು ಕ್ರಮವನ್ನು ಈ ಶಾಸ್ತ್ರದವರು ೨೦೦೦ದಲ್ಲಿ ಪ್ರಕಟಿಸಿದರು. ಇಬ್ಬರು ಬೇರೆ ಬೇರೆಯಾಗಿ ತಮ್ಮ ತಾಯ್ನುಡಿಗೆ ತರಬೇಕು. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ವೈದ್ಯದ ಗಂಧವೂ ಇರಬಾರದು. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮೂಲವನ್ನು ನೋಡಿರದ ಬೇರೆ ಇಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಅವರ ತಾಯ್ನುಡಿ ಇಂಗ್ಲಿಷ್ ಆಗಿರಬೇಕೆಂಬುದು ನಿಯಮ. ಹೊಳಲ್ಕೆರೆಯ ಕನ್ನಡ ಬಲ್ಲ ಅಂಥ ಮಹನೀಯರನ್ನು ಹುಡುಕುವುದು ಎಷ್ಟು ಸುಲಭವೆಂಬುದನ್ನು ವಾಚಕರೇ ಊಹಿಸಲಿ. ಅನಂತರ ಸಮಿತಿಯೊಂದು ಎಲ್ಲವನ್ನೂ ತೂಗಿ ನೋಡಬೇಕು. ಕಡೆಗೆ ಮೂವತ್ತು ನಾಲ್ವತ್ತು ಮಂದಿ ರೋಗಿಗಳಿಗೆ ಕೊಟ್ಟು, ಪ್ರತಿ ಪ್ರಶ್ನೆಯಿಂದ ಅವರಿಗೆ ಏನು ತಿಳಿಯಿತೆಂದು ಕೇಳಬೇಕು. ಡ್ಯಾಶ್‌ನ ಹಕ್ಕು ಟೊರಾಂಟೊ ಸಂಸ್ಥೆಯದಾದ್ದರಿಂದ ಮೊದಲು ಅವರ ಅನುಮತಿಯೂ ಬೇಕು. ಸಮಿತಿ ಹುಡುಕಬೇಕಾದ ಸಾಮ್ಯ ನಾಲ್ಕು ಬಗೆಯದು: ಪದದ ಅರ್ಥದಲ್ಲಿ, ನುಡಿಗಟ್ಟಿನಲ್ಲಿ, ಬಾಳಿನ ಅನುಭವದಲ್ಲಿ, ಕಲ್ಪನೆಯಲ್ಲಿ. ಮೊದಲಿನ ಎರಡಕ್ಕೆ ನಿಘಂಟು ಬಲ್ಲವರು ಸಾಕು. ಮೂರನೆಯದಕ್ಕೆ ಅಡುಗೆಮನೆ, ತೋಟ, ಬಚ್ಚಲುಮನೆಗಳನ್ನು ಬಲ್ಲವರು ಬೇಕು.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಬಾಲ್ಕನ್ ಪ್ರದೇಶದ ಆಲ್ಬೇನಿಯನ್ ಭಾಷೆಯನ್ನು ನೋಡಿ. ಷ್ಕುಂಬಿನ್ ನದಿಯ ಉತ್ತರಕ್ಕೆ ಗೆಗ್, ದಕ್ಷಿಣಕ್ಕೆ ತೋಸ್ಕ್ ಎಂದು ಅದರಲ್ಲಿ ಎರಡು ಉಪಭಾಷೆಗಳು. ೧೯೭೨ರಲ್ಲಿ ತಿರಾನಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗೊತ್ತಾದ ಶಿಷ್ಟ ಬರಹ ಬಹುಮಟ್ಟಿಗೆ ತೋಸ್ಕನ್ನು ಆಧರಿಸಿದ್ದು. ಆದರೆ ಕೊಸೊವೊದ ಜನ ಮನೆಯಲ್ಲಿ ಆಡುವುದು ಗೆಗ್. ಅವರಲ್ಲಿ ತೋಳಿಗೆ 'ಕ್ರಾಹ್' ಎನ್ನುತ್ತಾರೆ. ಹಕ್ಕಿಯ ರೆಕ್ಕೆಗೂ ಅದೇ ಮಾತು. ಡ್ಯಾಶ್ ಅನ್ನು ಆ ನುಡಿಗೆ ತರಲು ಕುಳಿತವನು, ಪುಸ್ತಕದ ನುಡಿಯಲ್ಲಿ ಬರೆಯಲೋ ಮನೆಯ ನುಡಿಯಲ್ಲಿ ಬರೆಯಲೋ ಎಂದು ಲೇಖನಿ ಕಚ್ಚಬೇಕಾಗುತ್ತದೆ. ನಮಗೂ ಅದೇ ಸಂಕಟ. 'ತಮ್ಮ ಊರ್ಧ್ವಾಂಗದ ಕಾರ್ಯಕ್ಷಮತೆಯಲ್ಲಿ ನ್ಯೂನತೆ ಉಂಟಾಗಿದೆಯೆ' ಎಂದು ಬರೆದರೆ ಪಂಡಿತರಿಗೆ ಸಂತೋಷವಾದೀತು. ಹೊಸದುರ್ಗದ ಬಸ್ಸಿನಿಂದ ಇಳಿದು ಬಂದ ರೈತನಿಗೆ ಆಗದು. ಅದಕ್ಕೂ ಮಿಗಿಲಾಗಿ, ನಮ್ಮ ಜಿಲ್ಲೆಯ ತಾಂಡಗಳಲ್ಲಿ ಲಂಬಾಣಿ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಗಳಲ್ಲಿ ತೆಲುಗು, ಪಟ್ಟಣಗಳಲ್ಲಿ ಉರ್ದು ಮನೆಮಾತಾದವರಿದ್ದಾರೆ. ಕನ್ನಡದ ಹಾಳೆ ಅವರಿಗೆ ಎರಡನೆಯ ಭಾಷೆಯದೇ.

ಇನ್ನು ಪ್ರಶ್ನೆಗಳ ಒಳಹೊಕ್ಕು ನೋಡೋಣ. ಚಾಕುವಿನಿಂದ ಆಹಾರವನ್ನು ಕತ್ತರಿಸುವುದು ಒಂದು. ಪಾಶ್ಚಾತ್ಯರು ಇದರಿಂದ ಬೆರಳಿನ ಹಿಡಿತವನ್ನೂ ತೋಳಿನ ಒತ್ತನ್ನೂ ಅಳೆಯುತ್ತಾರೆ. ನಮ್ಮ ಹಳ್ಳಿಯ ಮನೆಗಳಲ್ಲಿ ಇಂದಿಗೂ ಈಳಿಗೆ ಮಣೆ ಇದೆ. ಅಲ್ಲಿ ಅಲುಗನ್ನು ಹಿಡಿಯುವುದು ಕೈಯಲ್ಲ, ಮಣೆಯ ಮೇಲಿಟ್ಟ ಕಾಲು. ಎರಡು ಕೈಗಳೂ ತರಕಾರಿಯನ್ನು ಅಲುಗಿಗೆ ಒತ್ತುತ್ತವೆ. ಫಲ ಒಂದೇ, ಶ್ರಮ ಬೇರೆ. ಇನ್ನೂ ವಿಚಿತ್ರವೆಂದರೆ, ಕೈಯಿಂದ ಕಲಸಿ ಉಣ್ಣುವುದರ ಮಾತೇ ಮೂಲದಲ್ಲಿಲ್ಲ. ಯಾವ ಕೈಯಿಂದ ಮಾಡಿದಿರೆಂಬುದು ಮುಖ್ಯವಲ್ಲ, ಕೆಲಸ ಆಯಿತೆ ಎಂಬುದಷ್ಟೇ ಮುಖ್ಯ ಎಂದು ಡ್ಯಾಶ್ ಹೇಳುತ್ತದೆ. ನಮ್ಮಲ್ಲಿ ಯಾವ ಕೈ ಎಂಬುದೇ ಮುಖ್ಯ! ಬಲಗೈ ಸೋತವನು ಎಡಗೈಯಿಂದ ಉಣ್ಣಬಲ್ಲ. ಆದರೆ ಪಂಕ್ತಿಯಲ್ಲಿ ಕೂಡುವುದನ್ನು ಬಿಡುತ್ತಾನೆ. ಎಡಗೈ ಸೋತವನ ಸಂಕಟ ಶೌಚಕ್ಕೆ ಸಂಬಂಧಿಸಿದ್ದು. ಅದನ್ನು ಯಾರಿಗೂ ಹೇಳನು. ಹಾಳೆಯ ಪ್ರಕಾರ ಇಬ್ಬರೂ ಕ್ಷೇಮ.

ಊಟ ತಯಾರಿಸುವುದು ಎಂಬುದನ್ನು 'ಅಡುಗೆ ಮಾಡುವುದು' ಎಂದರೆ ಪದದ ಅರ್ಥ ಸರಿಹೋಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಅಡುಗೆಯೆಂದರೆ ಮುದ್ದೆ. ಕುದಿಯುವ ಎಸರಿಗೆ ರಾಗಿಹಿಟ್ಟು ಬಿದ್ದ ಮೇಲೆ ಪಾತ್ರೆಯನ್ನು ಎರಡು ಕಾಲುಗಳಿಂದ ಒತ್ತಿ ಹಿಡಿದು, ಕೋಲನ್ನು ಎರಡು ಕೈಗಳಿಂದ ತಿರುವುವ ಆ ಕೆಲಸದಲ್ಲಿ ಮಣಿಕಟ್ಟು, ಮೊಣಕೈ, ಭುಜ ಮೂರಕ್ಕೂ ಪರೀಕ್ಷೆಯಾಗುತ್ತದೆ. ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಮನಸ್ಸಿನಲ್ಲಿಟ್ಟ ಪ್ರಶ್ನೆಗೆ ಮುದ್ದೆ ತಿರುವುವವಳು ಕೊಟ್ಟ ಉತ್ತರವನ್ನು ಹೋಲಿಸಲಾದೀತೆ? ಬೆನ್ನು ತೊಳೆದುಕೊಳ್ಳುವುದು ಇನ್ನೊಂದು ಪ್ರಶ್ನೆ. ಕೈ ಹಿಂದಕ್ಕೆ ತಿರುಗುವುದನ್ನು ತಿಳಿಯಲು ಅದು ಬಹು ಒಳ್ಳೆಯ ಪ್ರಶ್ನೆ. ಆದರೆ ನಮ್ಮಲ್ಲಿ ಬೆನ್ನು ಉಜ್ಜುವುದು ಮನೆಯ ಮತ್ತೊಬ್ಬರ ಕೆಲಸ. ಅದು ಪ್ರೀತಿಯ ಒಂದು ರೂಪ. 'ಯಾರ ನೆರವೂ ಇಲ್ಲದೆ' ಎಂಬ ಮಾತನ್ನು ಸೇರಿಸದಿದ್ದರೆ ಉತ್ತರ ಸುಳ್ಳಾಗುತ್ತದೆ. ಸ್ಪಾಡಿಯಲ್ಲಿ ಇದೇ ಚಲನೆಗೆ ಹಿಂಬದಿಯ ಜೇಬಿನಿಂದ ವಸ್ತುವನ್ನು ತೆಗೆಯುವುದೆಂದಿದೆ. ಪಂಚೆಗೆ ಹಿಂಬದಿಯ ಜೇಬಿಲ್ಲ. ಸೀರೆಗಂತೂ ಇಲ್ಲವೇ ಇಲ್ಲ. ಹಿಂದೆ ಕಚ್ಚೆ ಸಿಕ್ಕಿಸುವುದನ್ನು ಅದರ ಬದಲಿಗೆ ಇಡಬಹುದೆಂದು ನನಗೆ ಮೊದಲು ತೋರಿತ್ತು. ಆಮೇಲೆ ಎಣಿಸಿ ನೋಡಿದರೆ ನಮ್ಮ ಬೀದಿಯಲ್ಲಿ ಕಚ್ಚೆ ಹಾಕುವವರು ಇಬ್ಬರೇ ಮುದುಕರು.

ಈ ಎಚ್ಚರ ಅಗತ್ಯ. ದೇಶೀಯವಾಗಿಸುವ ಉತ್ಸಾಹದಲ್ಲಿ ನಾವು ಹಳೆಯ ಕಾಲಕ್ಕೆ ಜಾರಿಬಿಡಬಾರದು. ಚಿತ್ರದುರ್ಗದವರಿಗೆ ಒನಕೆ ಎಂದೊಡನೆ ಓಬವ್ವ ನೆನಪಾಗುತ್ತಾಳೆ. ಭುಜಬಲಕ್ಕೆ ಅದಕ್ಕಿಂತ ದೊಡ್ಡ ಪ್ರತೀಕ ನಮಗಿಲ್ಲ. ಆದರೆ ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಯಿತು. 'ಒನಕೆಯಿಂದ ಕುಟ್ಟುವಾಗ ಕಷ್ಟವೇ' ಎಂದು ಇಂದಿನ ತರುಣಿಯನ್ನು ಕೇಳಿದರೆ ಅದೂ ಗಾಲ್ಫಿನಷ್ಟೇ ದೂರದ ಪ್ರಶ್ನೆ.

ವಿನೋದದ ಕಾರ್ಯಗಳನ್ನು ಕುರಿತು ಮೂಲದಲ್ಲಿ ಮೂರು ಪ್ರಶ್ನೆಗಳಿವೆ. ಶ್ರಮವಿಲ್ಲದ್ದಕ್ಕೆ ಇಸ್ಪೀಟು, ಹೆಣಿಗೆ. ಪೆಟ್ಟು ಬೀಳುವುದಕ್ಕೆ ಗಾಲ್ಫ್, ಟೆನಿಸ್, ಸುತ್ತಿಗೆ. ಕೈ ಬೀಸಿ ಆಡುವುದಕ್ಕೆ ಬ್ಯಾಡ್ಮಿಂಟನ್ ಮುಂತಾದುವು ಉದಾಹರಣೆಗಳು. ಇಲ್ಲಿ ಬದಲಾವಣೆ ಸುಲಭ, ಏಕೆಂದರೆ ಶ್ರಮದ ಬಗೆ ಗೊತ್ತಿದೆ: ಮೊದಲಿನದಕ್ಕೆ ಚೌಕಾಬಾರ, ಹೂ ಕಟ್ಟುವುದು, ಎರಡನೆಯದಕ್ಕೆ ಡೊಳ್ಳು ಬಾರಿಸುವುದು, ವಾಲಿಬಾಲ್, ಮೂರನೆಯದಕ್ಕೆ ಕೋಲಾಟ. ಸುತ್ತಿಗೆಯ ಮಾತು ಮಾತ್ರ ನಗು ತರಿಸುತ್ತದೆ. ಕಲ್ಲುಬಂಡೆಗಳ ಈ ನಾಡಿನಲ್ಲಿ ಸುತ್ತಿಗೆ ಹೊಡೆಯುವುದು ಹೊಟ್ಟೆಪಾಡು. ಅದನ್ನು ವಿನೋದವೆಂದು ಕೇಳಿದರೆ ಕಲ್ಲು ಕುಟಿಗ ಏನೆಂದುಕೊಂಡಾನು!

ಭಾರ ಹೊರುವ ಪ್ರಶ್ನೆಯಲ್ಲಿ ಹತ್ತು ಪೌಂಡು ಎಂದಿದೆ, ಎಂದರೆ ಸುಮಾರು ನಾಲ್ಕೂವರೆ ಕಿಲೋ. ನೀರು ತುಂಬಿದ ಬಿಂದಿಗೆ ಎಂದರೆ ಅದು ಎರಡು ಮೂರು ಪಟ್ಟು ಭಾರವಾಯಿತು. ಪಡಿತರದ ಐದು ಕಿಲೋ ಅಕ್ಕಿಯ ಚೀಲ ಎಂದರೆ ಎಲ್ಲರ ಕೈಗೂ ತೂಕ ನೆನಪಾಗುತ್ತದೆ. ತಲೆಯ ಮೇಲಿನ ಬಲ್ಬು ಬದಲಾಯಿಸುವುದನ್ನು ಹಾಗೆಯೇ ಇಡಬಹುದು. ಬಲ್ಬು ಈಗ ಎಲ್ಲ ಹಟ್ಟಿಗಳಲ್ಲೂ ಇದೆ. ಆದರೆ ಅದನ್ನು ಬದಲಾಯಿಸುವವರು ಗಂಡಸರು. ಹೆಂಗಸರಿಗೆ ಅಟ್ಟದ ಮೇಲಿನ ಡಬ್ಬಿಯೇ ಸರಿ, ಮತ್ತು ಆ ಪ್ರಶ್ನೆ ಮೂಲದಲ್ಲಿಯೇ ಬೇರೆ ಇದೆ. ದಾಂಪತ್ಯವನ್ನು ಕುರಿತ ಇಪ್ಪತ್ತೊಂದನೆಯ ಪ್ರಶ್ನೆಯನ್ನು ಅಪರಿಚಿತ ತರುಣನೊಬ್ಬ ತಾಯಿಯ ವಯಸ್ಸಿನವರಿಗೆ ಗಟ್ಟಿಯಾಗಿ ಓದಿ ಹೇಳುವಂತಿಲ್ಲ. ಖಾಲಿ ಬಿಡಬಹುದಾದ ಮೂರರಲ್ಲಿ ಒಂದು ಇಲ್ಲಿಯೇ ಖರ್ಚಾಗುತ್ತದೆ.

ಪದಗಳ ವಿಚಾರಕ್ಕೆ ಬಂದರೆ 'ಕಷ್ಟ' ಎಂಬ ಮಾತೇ ಕಷ್ಟದ್ದು. "ಕಷ್ಟ ಇದೆಯೇನಮ್ಮ?" ಎಂದರೆ ಸಾಲ, ಮಳೆ, ಮಗಳ ಮದುವೆ ಎಲ್ಲವೂ ಹೊರಬರುತ್ತವೆ. 'ಮಾಡಲು ತ್ರಾಸವಾಗುತ್ತದೆಯೆ' ಎನ್ನುವುದು ಮೇಲೆಂದು ನನ್ನ ಅಭಿಪ್ರಾಯ. 'ನಿಶ್ಶಕ್ತಿ' ಎಂದರೆ ಮೈಯೆಲ್ಲ ಸುಸ್ತಾಗುವುದು. ಕೇಳಬೇಕಾದದ್ದು 'ಕೈಯಲ್ಲಿ ಬಲ ಕಡಿಮೆಯಾಗಿದೆಯೆ' ಎಂದು. ಸೂಜಿ ಚುಚ್ಚಿದಂತಾಗುವುದಕ್ಕೆ 'ಜುಮುಜುಮು' ಎಂಬ ಸೊಗಸಾದ ಮಾತಿದೆ. ಆದರೆ 'ಜೋಮು' ಎಂದರೆ ಮರಗಟ್ಟುವುದೂ ಆಯಿತು, ಎರಡನ್ನೂ ಬೆರೆಸಬಾರದು. 'ಕಳೆದ ಏಳು ದಿನಗಳಲ್ಲಿ' ಎನ್ನುವುದಕ್ಕಿಂತ 'ಹೋದ ಸಂತೆಯಿಂದ ಈ ಸಂತೆಯವರೆಗೆ' ಎಂದರೆ ಹಳ್ಳಿಯವರಿಗೆ ಕಾಲ ಖಚಿತವಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ನಮ್ಮ 'ಪರವಾಗಿಲ್ಲ'. ಒಂದರಿಂದ ನಾಲ್ಕರವರೆಗೆ ಯಾವ ಅಂಕಕ್ಕಾದರೂ ಅದು ಸಲ್ಲುತ್ತದೆ. ನೋವೇ ಇಲ್ಲದವನೂ ಹೇಳುತ್ತಾನೆ, ನೋವನ್ನು ನುಂಗಿದವನೂ ಹೇಳುತ್ತಾನೆ. ಕೇಳುವವನು ಅದನ್ನು ಉತ್ತರವೆಂದು ಬರೆದುಕೊಳ್ಳದೆ ಇನ್ನೊಮ್ಮೆ ಕೇಳಬೇಕೆಂಬ ಸೂಚನೆ ಹಾಳೆಯಲ್ಲಿಯೇ ಅಚ್ಚಾಗಿರತಕ್ಕದ್ದು. ಮೂಲವು ರೋಗಿ ತಾನೇ ಓದಿ ತುಂಬಲೆಂದು ಆದದ್ದು. ಓದು ಬಾರದವರಿಗೆ ಬೇರೆಯವರು ಓದಿದಾಗ ಅದು ಸಂಭಾಷಣೆಯಾಗುತ್ತದೆ, ಸಂಭಾಷಣೆಯಲ್ಲಿ ಸಂಕೋಚ ನುಸುಳುತ್ತದೆ.

ಹೀಗೆ ತಿದ್ದಿದ ಮೇಲೆ ತಕ್ಕಡಿಯನ್ನು ಪರೀಕ್ಷಿಸಬೇಕು. ಸ್ಥಿತಿ ಬದಲಾಗದ ರೋಗಿಯನ್ನು ಕೆಲವು ದಿನ ಬಿಟ್ಟು ಮತ್ತೆ ಕೇಳಿದರೆ ಅದೇ ಅಂಕ ಬರಬೇಕು. ಸ್ಪಾಡಿಯಂಥ ಬೇರೆ ಅಳತೆಗಳೊಡನೆ ಹೊಂದಬೇಕು. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಒಗ್ಗಿವೆಯೆಂದು ತಿಳಿಯಲು ೧೯೫೧ರಲ್ಲಿ ಲೀ ಕ್ರಾನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಚಾರಕ್ಕೆ ತಂದ 'ಆಲ್ಫಾ' ಎಂಬ ಅಂಕಿಯನ್ನು ಬಳಸುತ್ತಾರೆ. ಅದು ೦.೭ಕ್ಕಿಂತ ಮೇಲಿದ್ದರೆ ಸಾಧಾರಣವಾಗಿ ಒಪ್ಪುತ್ತಾರೆ. ಆದರೆ ಆಲ್ಫಾ ದೊಡ್ಡದಾಗಿ ಬಂದಿತೆಂದು ಬೀಗುವುದು ಸಲ್ಲದು. ಎಲ್ಲ ಪ್ರಶ್ನೆಗಳಿಗೂ ಒಂದೇ ಬಗೆಯಲ್ಲಿ 'ಪರವಾಗಿಲ್ಲ' ಎಂದವರ ಹಾಳೆಗಳಿಂದಲೂ ಬಹು ಸುಂದರವಾದ ಆಲ್ಫಾ ಹುಟ್ಟುತ್ತದೆ.

ಹಾಗಾದರೆ ಹಿರಿಯೂರಿಗೆ ಶೇಂಗಾ ಕೀಳುವ ಪ್ರಶ್ನೆ, ಹೊಸದುರ್ಗಕ್ಕೆ ತೆಂಗಿನಕಾಯಿ ಸುಲಿಯುವ ಪ್ರಶ್ನೆ, ಹೊಳಲ್ಕೆರೆಗೆ ದೋಟಿ ಹಿಡಿದು ಅಡಿಕೆ ಗೊನೆ ಇಳಿಸುವ ಪ್ರಶ್ನೆ ಎಂದು ತಾಲ್ಲೂಕಿಗೊಂದು ಹಾಳೆ ಮಾಡೋಣವೆ? ಆಸೆಯೇನೋ ಆಗುತ್ತದೆ. ತಲೆಯ ಮೇಲೆ ದೋಟಿ ಎತ್ತಿ ದಿನವಿಡೀ ನಿಲ್ಲುವವನ ಭುಜಕ್ಕೆ ಟೊರಾಂಟೊದ ಯಾವ ಪ್ರಶ್ನೆಯೂ ಸಾಟಿಯಲ್ಲ. ಆದರೆ ಹಾಗೆ ಮಾಡಿದರೆ ಹೊಳಲ್ಕೆರೆಯ ಅಂಕವನ್ನು ಹಿರಿಯೂರಿನ ಅಂಕದೊಡನೆ ಹೋಲಿಸಲಾಗದು, ಹೊರದೇಶದ ಮಾತಂತೂ ದೂರವೇ ಉಳಿಯಿತು. ಮೂವತ್ತು ಪ್ರಶ್ನೆಗಳ ಲೆಕ್ಕ ಹಾಗೆಯೇ ಇರಲಿ. ಒಳಗಿನ ಉದಾಹರಣೆಗಳು ಮಾತ್ರ ಶ್ರಮದಲ್ಲಿ ಸಮನಾಗಿರುವ ನಮ್ಮವಾಗಲಿ. ದೋಟಿ, ಶೇಂಗಾ, ಎಡಗೈ ಬಲಗೈಗಳ ಪ್ರಶ್ನೆಗಳು ಬೇರೊಂದು ಪುಟದಲ್ಲಿ, ಬೇರೆ ಲೆಕ್ಕದಲ್ಲಿ ಬರಲಿ ಎಂದು ನನಗೆ ತೋರುತ್ತದೆ. ಮೂಲದಲ್ಲಿಯೂ ಉದ್ಯೋಗಕ್ಕೆ ನಾಲ್ಕು, ಆಟ ಮತ್ತು ವಾದ್ಯಕ್ಕೆ ನಾಲ್ಕು ಪ್ರಶ್ನೆಗಳ ಪ್ರತ್ಯೇಕ ಭಾಗಗಳಿವೆ. ಅವುಗಳ ಅಂಕ ಮೊದಲಿನ ಮೂವತ್ತರೊಡನೆ ಸೇರುವುದಿಲ್ಲ.

ಹೋದ ದೀಪಾವಳಿಯಲ್ಲಿ ಊರಿಗೆ ಹೋದಾಗ ಈ ಲೇಖನಕ್ಕಾಗಿ ನಾನು ತಿದ್ದಿಕೊಂಡಿದ್ದ ಕೆಲವು ಪ್ರಶ್ನೆಗಳನ್ನು ಚಿಕ್ಕಮ್ಮನಿಗೆ ಕೇಳಿ ನೋಡಿದೆ. ಭುಜ ಈಗ ಬಹುಮಟ್ಟಿಗೆ ಸಡಿಲವಾಗಿದೆ. ಯಾರ ನೆರವೂ ಇಲ್ಲದೆ ತಲೆ ಬಾಚಿ ಗಂಟು ಹಾಕಿಕೊಳ್ಳುವಾಗ ತ್ರಾಸವೇ ಎಂದೆ. ಕೈಯಲ್ಲಿದ್ದ ಹೂವಿನ ದಂಡೆಯನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಹಿಂದಕ್ಕೆ ಕೊಂಡೊಯ್ದು ಗಂಟು ಹಾಕಿ ತೋರಿಸಿ, "ಆಗ ಹಿಂಗೆ ಕೇಳಿದ್ದಿದ್ರೆ ಅತ್ತುಬಿಡ್ತಿದ್ದೆ ಕಣೋ" ಎಂದರು.